ಶೀಸಂ ಎಂದು ಕರೆದ ಅಲಮಾರಿ

ಸಗರ, ತಾ. ಶಹಾಪುರ
೨೪ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಶರಣಣ್ಣಾ,

ಜೈಭೀಮ್. ಹೇಗಿದ್ದೀಯ? ಹೋದ ವಾರ ಫೋನಿನಲ್ಲಿ ಎರಡು ಸಲ ಕೆಮ್ಮಿದೆ. ಅವ್ವ ಕೇಳಿದ್ದಕ್ಕೆ ‘ಧೂಳ ಅದವ್ವಾ, ಬ್ಯಾರೆ ಏನಿಲ್ಲ’ ಎಂದೆ. ಪ್ಲೈವುಡ್ ಕೊಯ್ಯುವಾಗ ಏಳುವುದು ಬರೀ ಮರದ ಧೂಳಲ್ಲ, ಅದರಲ್ಲಿ ಅಂಟೂ ಇರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ರಾತ್ರಿಪಾಳಿ ಇದ್ದಾಗ ಹೊಟ್ಟೆಗೆ ಏನು ತಿನ್ನುತ್ತೀ ಎಂಬುದನ್ನು ನೀನು ಎಂದೂ ಹೇಳುವುದಿಲ್ಲ, ಅವ್ವ ಮಾತ್ರ ಪ್ರತಿ ವಾರ ಕೇಳುವುದನ್ನು ಬಿಡುವುದಿಲ್ಲ. ಚಳಿ ಶುರುವಾದ ಮೇಲೆ ಅವಳ ಮೊಣಕಾಲು ಮತ್ತೆ ಹಟ ಹಿಡಿದಿದೆ. ಕೂಡು ಎಂದರೆ ಕೂಡುವುದಿಲ್ಲ. ಅಪ್ಪ ದಿನವೂ ಹತ್ತಿ ಬಿಡಿಸಲು ಹೋಗುತ್ತಾನೆ, ಸಂಜೆ ಬಂದು ಕಟ್ಟೆಯ ಮೇಲೆ ಕೂತು ಬೆರಳಿನ ಗೀರುಗಳನ್ನು ನೋಡಿಕೊಳ್ಳುತ್ತಾನೆ. ತೊಗರಿ ಈ ಸಲ ಚೆನ್ನಾಗಿ ಹೂ ಹಿಡಿದಿದೆ. ನಾನು ಆರಾಮ ಇದ್ದೇನೆ. ಕಣ್ಣುಗಳು ಮಾತ್ರ ದಣಿದಿವೆ. ಯಾಕೆ ದಣಿದವು ಎಂದು ಹೇಳುವುದಕ್ಕೇ ಈ ಕಾಗದ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು ಎಂದು ನಿನಗೆ ಅನ್ನಿಸಬಹುದು. ನಿನ್ನ ಫೋನು ಮೂರು ನಿಮಿಷದ್ದು. ಉಂಡ್ರಿ? ಮಳಿ ಆತು? ಅಪ್ಪ ಆರಾಮ ಅದಾನ? ಅಷ್ಟಾದ ಮೇಲೆ ‘ಇಡ್ತೀನವ್ವಾ’. ಅಪ್ಪ ಪಕ್ಕದಲ್ಲೇ ಕೂತಿರುತ್ತಾನೆ. ಅವನಿಗೆ ಕೊಡು ಎಂದು ನೀನು ಅನ್ನುವುದಿಲ್ಲ, ನನಗೆ ಕೊಡು ಎಂದು ಅವನೂ ಅನ್ನುವುದಿಲ್ಲ. ಐದು ವರ್ಷವಾಯಿತು. ನನ್ನ ವಿಷಯವಂತೂ ನಿನಗೆ ಗೊತ್ತೇ ಇದೆ. ಎದುರಿಗೆ ನಾಲ್ಕು ಜನ ಇದ್ದರೆ ನನ್ನ ಬಾಯಿಂದ ಮಾತು ಬರುವುದಿಲ್ಲ, ಫೋನಿನಲ್ಲಿ ಒಬ್ಬನೇ ಇದ್ದರೂ ಬರುವುದಿಲ್ಲ.

ಮೊದಲು ಒಂದು ಸಣ್ಣ ಸುಳ್ಳನ್ನು ಸರಿಪಡಿಸಬೇಕು. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ ಎಂದು ಅವ್ವ ನಿನಗೆ ಹೇಳಿದ್ದಾಳಲ್ಲ, ಅದು ನಿಜವಲ್ಲ. ಎಂ.ಎ. ಮುಗಿದ ಮೇಲೆ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಎರಡು ಕಡೆ ಹೋಗಿದ್ದೆ. ಒಂದು ಕಡೆ ಕರೆಯಲಿಲ್ಲ. ಇನ್ನೊಂದು ಕಡೆ ಕರೆದರು, ಹಲಗೆಯ ಮುಂದೆ ನಿಲ್ಲಿಸಿ ಹತ್ತು ನಿಮಿಷ ಪಾಠ ಮಾಡಲು ಹೇಳಿದರು. ನಾನು ಮೂರು ನಿಮಿಷ ಮಾಡಿದೆ. ಜೂನ್ ತಿಂಗಳಿಂದ ನಾನಿರುವುದು ಶಹಾಪುರದಲ್ಲಿ, ಮೈನುದ್ದೀನ ಚಾಚಾನ ಅಂಗಡಿಯಲ್ಲಿ. ಹೌದು, ನೀನು ಎಂಟು ವರ್ಷ ಮರಕ್ಕೆ ರಂದಾ ಹೊಡೆದು ನುಣುಪು ಮಾಡಿದ ಅದೇ ಅಂಗಡಿ. ಈಗ ಚಾಚಾ ಹೊಸ ಸಾಮಾನು ಮಾಡುವುದಿಲ್ಲ. ಹಳೆಯ ವಾಡೆಗಳಿಂದ, ದೊಡ್ಡವರ ಮನೆಗಳಿಂದ ಬರುವ ಮಂಚ, ಮೇಜು, ಅಲಮಾರಿಗಳನ್ನು ರಿಪೇರಿ ಮಾಡಿ ಹೈದರಾಬಾದಿನವರಿಗೆ ಕಳಿಸುತ್ತಾರೆ. ಅಲ್ಲಿಯವರು ಪ್ರತಿ ಸಾಮಾನಿಗೂ ಫೋಟೊದ ಜೊತೆಗೆ ಒಂದು ಪುಟ ವಿವರ ಕೇಳುತ್ತಾರೆ. ಯಾವ ಕಾಲದ್ದು, ಯಾವ ಮರ, ಎಲ್ಲಿ ರಿಪೇರಿ ಆಗಿದೆ ಎಂದು. ಅದನ್ನು ಬರೆಯುವವಳು ನಾನು. ನಾನಿಲ್ಲಿ ಸೇರಿದ್ದು ನಿನಗೆ ತಿಳಿದರೆ ನೋವಾದೀತು ಎಂದು ಅವ್ವ ಮುಚ್ಚಿಟ್ಟಳು.

ಅಲಮಾರಿಗಳ ಜೊತೆ ಮಾತಾಡಬೇಕಾಗಿಲ್ಲವಾದ್ದರಿಂದ ಕೆಲಸ ನನಗೆ ಹೊಂದಿಕೊಂಡಿತು. ಮೊದಮೊದಲು ಬಣ್ಣ ನೋಡಿ ಮರದ ಹೆಸರು ಹೇಳುತ್ತಿದ್ದೆ. ಚಾಚಾ ನಗುತ್ತಿದ್ದರು. ‘ಬಣ್ಣ ನೋಡಿ ಹೆಸರು ಹೇಳಬ್ಯಾಡ ಬೇಟಿ, ಬಣ್ಣ ನಾ ಒಂದ್ ತಾಸಿನ್ಯಾಗ ಹಚ್ಚಿ ಕೊಡ್ತೀನಿ’ ಎನ್ನುತ್ತಿದ್ದರು. ಆಮೇಲೆ ಒಂದೊಂದಾಗಿ ಕಲಿತೆ. ಹಲಗೆಯ ತುದಿಯಲ್ಲಿ, ಮರವನ್ನು ಅಡ್ಡ ಕೊಯ್ದ ಮುಖ ಕಾಣುವ ಕಡೆ, ಹೊಸ ಬ್ಲೇಡಿನಿಂದ ಉಗುರಿನಷ್ಟು ಜಾಗ ಸವರಿ, ಒದ್ದೆ ಬೆರಳು ಆಡಿಸಿ, ಭೂತಗನ್ನಡಿ ಹಿಡಿದರೆ ಮರದ ಸಣ್ಣ ತೂತುಗಳು ಕಾಣುತ್ತವೆ. ಸಾಗವಾನಿಯಲ್ಲಿ ಅವು ವರ್ಷಕ್ಕೊಂದು ಸಾಲಿನಂತೆ ಬಳೆ ಕಟ್ಟಿರುತ್ತವೆ. ಬೀಟೆಯ ಜಾತಿಯ ಶೀಸಂನಲ್ಲಿ ತೂತುಗಳ ಸುತ್ತ ತೆಳುಬಣ್ಣದ ಗೆರೆಗಳು ಅಲೆಯಂತೆ ಒಂದಕ್ಕೊಂದು ಕೂಡುತ್ತವೆ. ನಿನಗೆ ಇದನ್ನೆಲ್ಲ ಹೇಳುತ್ತಿರುವುದಕ್ಕೆ ನನಗೇ ನಗು ಬರುತ್ತದೆ. ನೀನು ಮೂಸಿ ನೋಡಿಯೇ ಹೇಳುತ್ತಿದ್ದೆ. ನಾನು ಒಂದೊಂದು ತುಂಡಿನ ಮುಂದೆ ಅರ್ಧ ದಿನ ಕೂಡುತ್ತೇನೆ. ‘ಎಷ್ಟ್ ನೋಡ್ತೀಯವ್ವಾ, ಅದಕ್ಕೇನು ಬಾಯಿ ಬರ್ತದೇನು?’ ಎಂದು ಚಾಚಾ ಬೈಯುತ್ತಾರೆ.

ಈ ತಿಂಗಳ ನಾಲ್ಕನೇ ತಾರೀಖು ಟೆಂಪೋದಲ್ಲಿ ಒಂದು ಅಲಮಾರಿ ಬಂತು. ಇಳಿಸುವಾಗಲೇ ಗುರುತು ಸಿಕ್ಕಿತು. ಅದನ್ನು ನಾನು ಮೊದಲು ನೋಡಿದ್ದು ಒಂದೇ ಸಲ, ಅದೂ ಬಾಗಿಲ ಹೊರಗೆ ನಿಂತು. ರಂಗಂಪೇಟೆಯ ವಕೀಲರ ವಾಡೆಯ ಅಲಮಾರಿ. ವಾಡೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದಾರೆ. ಹೊಸ ಮನೆಯಲ್ಲಿ ಕಪಾಟುಗಳೆಲ್ಲ ಗೋಡೆಯಲ್ಲೇ ಇರುತ್ತವಂತೆ. ಎಡಬಾಗಿಲಿನ ಕೆಳಮೂಲೆ ಇನ್ನೂ ಹಾಗೆಯೇ ಇದೆ ಅಣ್ಣಾ. ಮೇಲಿನ ಕಂದು ಪದರು ಒಂದು ಗೇಣು ಎದ್ದು ಸುರುಳಿಯಾಗಿದೆ, ಒಳಗಿನ ಬಿಳಿಚಿದ ಮರ ಕಾಣುತ್ತದೆ. ಯಾರೂ ಅದನ್ನು ಮತ್ತೆ ಅಂಟಿಸಿಲ್ಲ.

ಐದು ವರ್ಷದ ಹಿಂದೆ ನಡೆದದ್ದನ್ನು ನಿನಗೆ ಹೇಳಬೇಕಾಗಿಲ್ಲ. ಆದರೆ ನಾನು ಒಮ್ಮೆ ಕ್ರಮವಾಗಿ ಬರೆದು ನೋಡಬೇಕು. ೨೦೧೮ರಲ್ಲಿ ನೀನು ಆ ವಾಡೆಯಲ್ಲಿ ಎಂಟು ದಿನ ಕೂತು ಅಲಮಾರಿಯ ಹಿಂಭಾಗ ಮತ್ತು ತಳ ರಿಪೇರಿ ಮಾಡಿದೆ. ಮರುವರ್ಷದ ಮಳೆಯಲ್ಲಿ ಮಾಳಿಗೆ ಸೋರಿ, ನೀರು ಬಾಗಿಲ ಮೇಲೆ ಇಳಿದು, ಆ ಮೂಲೆ ಎದ್ದಿತು. ಒಳಗೆ ಹಣ್ಣಿನ ಡಬ್ಬಿಗೆ ಬಡಿಯುವಂಥ ಬಿಳಿ ಮರ. ಮೂರು ತಲೆಮಾರಿನಿಂದ ಅವರು ಅದನ್ನು ಶೀಸಂ ಅಲಮಾರಿ ಎಂದೇ ಕರೆಯುತ್ತಿದ್ದರು. ಶೀಸಂ ತೆಗೆದು ಪ್ಯಾಕಿಂಗ್ ಮರ ತುಂಬಿ ಮೇಲೆ ತೆಳು ಪದರು ಅಂಟಿಸಿದ್ದಾನೆ ಎಂದರು. ‘ನಿಮ್ಮಂಥೋರ ಕೈಯಾಗ ಮನಿ ಬಿಟ್ಟಿದ್ದ ನಮ್ಮ ತಪ್ಪು’ ಎಂದು ವಕೀಲರ ಹೆಂಡತಿ ಸುಕನ್ಯಾಬಾಯಿ ಅಂಗಳದಲ್ಲಿ ನಿಂತು ಹೇಳಿದರು. ನೀನು ಒಂದೇ ಮಾತು ಹೇಳಿದೆ, ‘ನಾ ಬಾಗಲಾ ಮುಟ್ಟಿಲ್ರಿ’. ಹೇಳಿ, ಚಾಚಾನನ್ನು ಕರೆತಂದು ತೋರಿಸುತ್ತೇನೆ ಎಂದು ಶಹಾಪುರಕ್ಕೆ ಹೋದೆ. ಶುಕ್ರವಾರ ಬರುತ್ತೇನೆ ಎಂದು ಚಾಚಾ ಒಪ್ಪಿದರು. ಆದರೆ ಗುರುವಾರವೇ ಅಪ್ಪ ರಂಗಂಪೇಟೆಗೆ ಹೋಗಿ ಕೈಮುಗಿದು ಬಂದಿದ್ದ. ‘ತಪ್ಪಾಗ್ಯಾದ್ರಿ ಬಾಯಾರ, ಹುಡುಗ ತಿಳೀದ ಮಾಡ್ಯಾನ, ಹೊಟ್ಟ್ಯಾಗ ಹಾಕ್ಕೋರಿ’ ಎಂದು. ಅವರ ಹೊಲದಲ್ಲಿ ನಮ್ಮ ಮುತ್ತ್ಯಾ ದುಡಿದಿದ್ದ, ಅಪ್ಪನೂ ದುಡಿದಿದ್ದ. ಪೊಲೀಸಿನವರೆಗೆ ಹೋಗದೆ ಮಾತು ಮುಗಿಯಲಿ ಎಂದು ಅವನಿಗೆ ಇತ್ತು. ನೀನು ಕದ್ದಿದ್ದೀಯೋ ಇಲ್ಲವೋ ಎಂದು ಅವನು ನಿನ್ನನ್ನು ಕೇಳಲಿಲ್ಲ. ಮಾಫಿ ಕೇಳಿ ಆಗಿದೆ ಎಂದ ಮೇಲೆ ನೋಡುವುದೇನಿದೆ ಎಂದು ಚಾಚಾ ಬರಲಿಲ್ಲ. ನೀನು ಶನಿವಾರ ಪುಣೆಯ ರೈಲು ಹತ್ತಿದೆ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಬಾಯಿಮಾತು ಸಾಲದು, ಬರೆದು ಕೊಡಿ ಎಂದು ವಕೀಲರು ಹೇಳಿದ್ದರು. ಆ ಕಾಗದ ಬರೆದವಳು ನಾನು. ಬಿ.ಎ. ಮೊದಲ ವರ್ಷ, ಕನ್ನಡದಲ್ಲಿ ಮನೆಗೆಲ್ಲ ನಾನೇ ಜಾಣೆ. ಅಪ್ಪ ಹೇಳಿದ್ದು ಎರಡು ಸಾಲು. ನಾನು ಅದನ್ನು ಒಂದು ಪುಟ ಮಾಡಿದೆ. ‘ನನ್ನ ಮಗನಿಂದಾದ ಅಚಾತುರ್ಯ’ ಎಂದು ಬರೆದೆ. ಒಳ್ಳೆಯ ಪದ ಸಿಕ್ಕಿತೆಂದು ಒಳಗೊಳಗೇ ಖುಷಿಪಟ್ಟದ್ದೂ ನೆನಪಿದೆ. ಅಪ್ಪ ರುಜು ಮಾಡಿದ. ಅವ್ವ ‘ನನ್ನ ಹೆಸರೂ ಹಾಕವ್ವಾ, ಇಬ್ರೂ ಕೇಳ್ಯಾರಂದ್ರ ಲಗೂ ಮುಗೀತದ’ ಎಂದಳು. ಲಾಲಮ್ಮ ಎಂದು ಅವಳ ಹೆಸರನ್ನೂ ನಾನೇ ಬರೆದೆ. ನನ್ನೊಳಗೂ ಅನುಮಾನ ಇತ್ತು ಅಣ್ಣಾ. ನೀನು ಪ್ಯಾಕಿಂಗ್ ಡಬ್ಬಿಗಳ ಮರ ಕೊಂಡು ತರುತ್ತಿದ್ದುದನ್ನು ನೋಡಿದ್ದೆ. ಅನುಮಾನ ಇರಲಿಲ್ಲ ಎಂದು ಬರೆದರೆ ಈ ಕಾಗದಕ್ಕೆ ಅರ್ಥವಿಲ್ಲ.

ಅಲಮಾರಿ ಬಂದ ಮೇಲೆ ಎರಡು ದಿನ ನಾನು ಅದರ ಹತ್ತಿರ ಹೋಗಲಿಲ್ಲ. ‘ವಿವರ ಬರಿ ಬೇಟಿ, ಅವ್ರು ಕೇಳಾಕತ್ತಾರ’ ಎಂದು ಚಾಚಾ ಹೇಳಿ ಹೊರಗೆ ಹೋಗಿಬಿಡುತ್ತಿದ್ದರು. ಅವರಿಗೂ ಅದನ್ನು ನೋಡುವ ಮನಸ್ಸಿರಲಿಲ್ಲ. ಮೂರನೇ ದಿನ ಅದರ ಎರಡೂ ಬಾಗಿಲು ಮುಚ್ಚಿ ಎದುರಿಗೆ ಸ್ಟೂಲ್ ಹಾಕಿಕೊಂಡು ಕೂತೆ. ಬೆಳಕು ಓರೆಯಾಗಿ ಬೀಳುತ್ತಿತ್ತು. ಎಡಬಾಗಿಲಿನಲ್ಲಿ ದೀಪದ ಕುಡಿಯಂಥ ಒಂದು ನಕ್ಷೆ ಇದೆ, ಅದರ ಪಕ್ಕದಲ್ಲಿ ಸಣ್ಣ ಗಂಟು. ಬಲಬಾಗಿಲಿನಲ್ಲಿ ಅದೇ ಕುಡಿ, ಅದೇ ಗಂಟು, ತಿರುಗುಮುರುಗಾಗಿ. ಪುಸ್ತಕ ಬಿಚ್ಚಿ ಎರಡು ಪುಟ ಎದುರುಬದುರು ಇಟ್ಟಂತೆ. ದಪ್ಪ ಹಲಗೆಗಳಲ್ಲಿ ಹೀಗೆ ಗೆರೆಗೆ ಗೆರೆ ಸಿಗುವುದಿಲ್ಲ. ಒಂದೇ ದಿಮ್ಮಿಯಿಂದ ಒಂದರ ಹಿಂದೆ ಒಂದು ತೆಳು ಹಾಳೆ ಸೀಳಿ ತೆಗೆದರೆ ಮಾತ್ರ ಸಿಗುತ್ತದೆ. ಅಂದರೆ ಆ ಹಾಳೆ ಹುಟ್ಟಿದಾಗಿನಿಂದಲೂ ಹಾಳೆಯೇ.

ಆಮೇಲೆ ನಾನು ನಿಲ್ಲಲಿಲ್ಲ. ಎದ್ದ ಪದರಿನ ಅಂಚನ್ನು ಅಳೆದೆ. ಈಗ ಅಂಗಡಿಯಲ್ಲಿ ಸಿಗುವ ಮರದ ಹಾಳೆ, ವಿನಿಯರ್, ಕಾಗದದಷ್ಟು ತೆಳು, ಇದು ರಟ್ಟಿನಷ್ಟು ದಪ್ಪ, ಅದೂ ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ. ಕೈಗರಗಸದ ಗೀರುಗಳು ಅದರ ಬೆನ್ನಿನಲ್ಲಿ ಕಾಣುತ್ತವೆ. ಕೆಳಗೆ ಉಳಿದಿದ್ದ ಅಂಟಿನ ಮೇಲೆ ಬಿಸಿನೀರಿನ ಬಟ್ಟೆ ಇಟ್ಟೆ. ಮೆತ್ತಗಾಗಿ ಚರ್ಮದ ವಾಸನೆ ಬಂತು. ಎಲುಬು, ತೊಗಲು ಕುದಿಸಿ ಮಾಡುತ್ತಿದ್ದ ಹಳೆಯ ಸರೇಸು. ನೀನು ಹಿಂಭಾಗದಲ್ಲಿ ಬಳಸಿದ್ದು ಡಬ್ಬಿಯ ಬಿಳಿ ಅಂಟು, ಅದು ಬಿಸಿನೀರಿಗೆ ರಬ್ಬರಿನಂತಾಗುತ್ತದೆ. ಬಾಗಿಲಲ್ಲಿ ಎಲ್ಲಿಯೂ ಬಿಳಿ ಅಂಟಿಲ್ಲ. ಒಳಗಿನ ಬಿಳಿ ಮರದ ತುದಿಯನ್ನು ಸವರಿ ನೋಡಿದೆ, ತೂತೇ ಇಲ್ಲ. ಬೇವು, ಮಾವು, ಜಾಲಿ, ಸಾಗವಾನಿ, ನಮ್ಮ ಸೀಮೆಯ ಯಾವ ಮರಕ್ಕೂ ತೂತು ಇದ್ದೇ ಇರುತ್ತದೆ. ತೂತಿಲ್ಲದ್ದು ಪೈನ್ ಜಾತಿ. ಅವರಿಗೆ ಅದು ಪ್ಯಾಕಿಂಗ್ ಮರದಂತೆ ಕಂಡದ್ದು ಸುಳ್ಳಲ್ಲ, ಜಾತಿ ಅದೇ. ಆದರೆ ಇದು ನೂರು ವರ್ಷದ ಹಿಂದೆ ಹಡಗಿನಲ್ಲಿ ಬಂದದ್ದು. ಒಳಮೈ ಕೈರಂದಾದಲ್ಲಿ ಹೊಡೆದದ್ದು, ಅಂಗೈ ಆಡಿಸಿದರೆ ಏರಿಳಿತ ಗೊತ್ತಾಗುತ್ತದೆ. ಬಡಿದಿರುವ ಮೊಳೆ ಚೌಕನೆಯವು, ಕಮ್ಮಾರರು ಕೈಯಿಂದ ಮಾಡುತ್ತಿದ್ದ ಕಾಲದವು.

ಕೊನೆಗೆ ಮೇಲಿನ ಹಾಳೆಯ ಅಂಚನ್ನೇ ಸವರಿ ಭೂತಗನ್ನಡಿ ಹಿಡಿದೆ. ಶೀಸಂನ ಅಲೆಗೆರೆಗಳು ಇರಲಿಲ್ಲ. ನಾಲ್ಕು ಕಡೆ ನೋಡಿದೆ, ಎಲ್ಲಿಯೂ ಇರಲಿಲ್ಲ. ಚಾಚಾನನ್ನು ಕರೆದೆ. ಅವರು ಬಹಳ ಹೊತ್ತು ಬಗ್ಗಿ ನೋಡಿ, ‘ಅಖರೋಟ ಇರ್ಬೇಕು ಬೇಟಿ. ಮ್ಯಾಲ ಶೇರ್ವಾನಿ, ಒಳಗ ಬನೀನು’ ಎಂದು ನಕ್ಕರು. ಅಖರೋಟವೇ, ಅಂದರೆ ವಾಲ್‌ನಟ್ ಮರವೇ, ಎಂದು ನಾನು ಆಣೆ ಮಾಡಲಾರೆ, ಅಂಥದ್ದನ್ನು ಹೆಚ್ಚು ನೋಡಿಲ್ಲ. ಶೀಸಂ ಅಲ್ಲ ಎಂಬುದಕ್ಕೆ ಆಣೆ ಮಾಡಬಲ್ಲೆ. ಆ ಅಲಮಾರಿಯಲ್ಲಿ ಶೀಸಂ ಎಂದೂ ಇರಲಿಲ್ಲ ಅಣ್ಣಾ. ಇರದ ಮರವನ್ನು ಕದ್ದೆ ಎಂದು ನಿನ್ನನ್ನು ಅಂದರು, ಹೌದು ಎಂದು ನಾವು ಬರೆದುಕೊಟ್ಟೆವು. ಚಾಚಾ ನಗು ನಿಲ್ಲಿಸಿ ರಂದಾದ ಹೊಟ್ಟಿನ ಮೇಲೆಯೇ ಕೂತುಬಿಟ್ಟರು. ‘ಹತ್ತ್ ನಿಮಿಷದ ಕೆಲಸ ಇತ್ತು. ಆ ಶುಕ್ರವಾರ ನಾ ಹೋಗಿದ್ರ ಹತ್ತ ನಿಮಿಷ’ ಎಂದರು. ಅಲಮಾರಿ ತಿರುಗಿಸಿದಾಗ ಹಿಂಭಾಗದಲ್ಲಿ ನೀನು ಹಾಕಿದ ಹಲಗೆ ಸಿಕ್ಕಿತು. ಪೆನ್ಸಿಲ್ಲಿನಲ್ಲಿ ‘ಇದು ಹೊಸದು, ಸಾಗವಾನಿ, ಶ.ಕು.’ ಎಂದು ನಿನ್ನ ಹೆಸರಿನ ಅಕ್ಷರ ಹಾಕಿ ಬರೆದಿದ್ದೀಯ. ಗೋಡೆಗೆ ಮುಖ ಮಾಡಿದ್ದರಿಂದ ಯಾರೂ ಓದಿರಲಿಲ್ಲ.

ಇದೆಲ್ಲವನ್ನೂ ಒಂದು ಪುಟದಲ್ಲಿ ಬರೆದೆ. ಈ ಸಲ ಅಲಂಕಾರದ ಪದ ಒಂದೂ ಹಾಕಲಿಲ್ಲ. ಮನೆಯಲ್ಲಿ ಓದಿ ಹೇಳಿದಾಗ ಅವ್ವ ಅತ್ತಳು. ಅಪ್ಪ ‘ಹೊಲಕ್ಕ ಹೋಗಿ ಬರ್ತೀನಿ’ ಎಂದು ಎದ್ದುಹೋದ. ಮೊನ್ನೆ ಗುರುವಾರ ಚಾಚಾ, ಅಪ್ಪ, ನಾನು ಮೂವರೂ ರಂಗಂಪೇಟೆಗೆ ಹೋದೆವು. ಎದ್ದ ಪದರಿನ ಒಂದು ಚೂರು, ಭೂತಗನ್ನಡಿ ನನ್ನ ಚೀಲದಲ್ಲಿದ್ದವು. ವಕೀಲರು ತೀರಿಕೊಂಡು ಎರಡು ವರ್ಷವಾಯಿತಂತೆ. ಸುಕನ್ಯಾಬಾಯಿ ವಾಡೆಯ ಇನ್ನೂ ಕೆಡವದ ಹಿಂದಿನ ಎರಡು ಕೋಣೆಗಳಲ್ಲಿ ಇದ್ದಾರೆ, ಬಹಳ ಇಳಿದುಹೋಗಿದ್ದಾರೆ. ಕುರ್ಚಿ ಹಾಕಿಸಿದರು. ಚಾಚಾ ಕೂತರು, ನಾನು ಕೂತೆ, ಅಪ್ಪ ಬಾಗಿಲ ಹತ್ತಿರವೇ ನಿಂತ. ‘ಓದವ್ವಾ’ ಎಂದರು ಚಾಚಾ. ನಾನು ಓದಿದೆ. ದನಿ ಎರಡು ಕಡೆ ನಿಂತಿತು, ಆದರೂ ಪೂರ್ತಿ ಓದಿದೆ. ಬಾಯಿಯವರು ಚೂರನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಏನು ಕಂಡಿತೋ ಗೊತ್ತಿಲ್ಲ. ‘ನಮ್ಮ ಮಾವನೋರು ಶೀಸಂ ಅಂತಿದ್ರು, ನಾವೂ ಅಂದ್ವಿ’ ಎಂದರು. ಒಪ್ಪಿಕೊಂಡರು ಎಂದುಕೊಂಡು ನಾನು ಉಸಿರು ಬಿಟ್ಟೆ.

ಆಗ ಅವರು ಒಳಗೆ ಹೋಗಿ ವಕೀಲರ ಫೈಲು ತಂದರು. ಅದರಲ್ಲಿ ನನ್ನ ಹಳೆಯ ಕಾಗದ ಇತ್ತು, ನನ್ನ ಅಕ್ಷರ, ಅಪ್ಪನ ರುಜು. ಅಪ್ಪನ ಕಡೆ ತಿರುಗಿ ಕೇಳಿದರು, ‘ಅಲ್ಲೋ ತಾಯಪ್ಪಾ, ನಿನ್ನ ಮಗ ಮಾಡಿರ್ಲಿಲ್ಲಂದ್ರ ನೀ ಯಾಕ ಮಾಫಿ ಕೇಳಿದಿ? ನೀನ ಬಂದು ಹೌದಂದ ಮ್ಯಾಲ ನಾವು ಏನ್ ತಿಳ್ಕೋಬೇಕಿತ್ತು?’ ಸಿಟ್ಟಿನಿಂದ ಕೇಳಿದ್ದಲ್ಲ ಅಣ್ಣಾ, ನಿಜವಾಗಿಯೂ ತಿಳಿಯದೆ ಕೇಳಿದರು. ಅಪ್ಪ ಟವೆಲ್ಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ. ‘ರೂಢಿರಿ ಬಾಯಾರ’ ಎಂದ. ‘ನಮ್ಮ ಮನ್ಯಾಗ ಮೊದಲ ತಪ್ಪಾತಂತೀವಿ, ಆಮ್ಯಾಲ ಏನಾಗ್ಯಾದಂತ ಕೇಳ್ತೀವಿ. ನಮ್ಮಪ್ಪನೂ ಹಂಗ ಮಾಡ್ತಿದ್ದ.’ ಬಾಯಿಯವರು ಚಹಾ ತರಲು ಹೇಳಿದರು. ಹಳೆಯ ಕಾಗದವನ್ನು ಕೊಡಿ ಎಂದು ಕೇಳಿದೆ. ‘ಇರ್ಲಿ ಬಿಡವ್ವಾ, ಅವ್ರ ಕೈಲೆ ಇಟ್ಟ ಫೈಲು, ನಾ ಏನೂ ತೆಗ್ಯಾಂಗಿಲ್ಲ’ ಎಂದು, ನನ್ನ ಹೊಸ ಪುಟವನ್ನೂ ಅದಕ್ಕೇ ಸೇರಿಸಿ ದಾರ ಕಟ್ಟಿದರು. ಈಗ ಎರಡೂ ಒಂದೇ ಫೈಲಿನಲ್ಲಿವೆ, ಎರಡೂ ನನ್ನ ಅಕ್ಷರದಲ್ಲಿ.

ಹಿಂದಿರುಗುವಾಗ ಸುರಪುರದ ಬಸ್ ನಿಲ್ದಾಣದಲ್ಲಿ ಶಹಾಪುರದ ಬಸ್ಸಿಗಾಗಿ ಒಂದೂವರೆ ತಾಸು ಕಾದೆವು. ಚಾಚಾ ನಮಾಜಿಗೆ ಹೋಗಿದ್ದರು. ಅಪ್ಪ ‘ಬಾಗಲಾ ಮುಟ್ಟಿಲ್ಲಂತ ಅವ ಒಮ್ಮಿ ಹೇಳಿದ್ನಲ್ಲ, ನೀ ಕೇಳ್ಸ್ಕೊಂಡಿದ್ದೇನು?’ ಎಂದ. ಹೂಂ ಎಂದೆ. ‘ನಾನೂ ಕೇಳ್ಸ್ಕೊಂಡಿದ್ದೆ’ ಎಂದ. ಅಷ್ಟೇ. ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ನಿಂತೇ ಬಂದೆವು.

ಗೆದ್ದು ಬಂದೆವು ಎಂದು ಬರೆಯಲು ಕೈ ಬರುತ್ತಿಲ್ಲ. ನಿನ್ನ ಹೆಸರು ಸ್ವಚ್ಛವಾಯಿತು, ಅದು ನಿಜ. ನಿನ್ನೆ ಚಾಚಾ ಅಂಗಡಿಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ಆದರೆ ನನಗೆ ಬರೀ ದಣಿವಾಗಿದೆ. ನಾನು ಇಲ್ಲಿ ಕ್ಷಮಿಸು ಎಂಬ ಮಾತನ್ನು ಬರೆಯುವುದಿಲ್ಲ. ಅದನ್ನು ಒಮ್ಮೆ ತುಂಬ ಚೆನ್ನಾಗಿ ಬರೆದಿದ್ದೇನೆ. ನಿನ್ನನ್ನು ಕೇಳದೆ ಬರೆದೆ, ಅನುಮಾನಪಟ್ಟೆ, ಅದು ನನ್ನದೇ ತಪ್ಪು ಎಂದಷ್ಟೇ ತಿಳಿದುಕೋ. ಬಾ ಎಂದೂ ಒತ್ತಾಯ ಮಾಡುವುದಿಲ್ಲ. ಬಂದರೆ ಚಾಚಾನ ಅಂಗಡಿಯಲ್ಲಿ ನಿನ್ನ ಬೆಂಚು ಖಾಲಿ ಇದೆ, ಬರದಿದ್ದರೆ ಭಾನುವಾರದ ಫೋನು ಮೂರು ನಿಮಿಷಕ್ಕಿಂತ ಸ್ವಲ್ಪ ಉದ್ದವಾಗಲಿ.

ಅವ್ವನ ಮುತ್ತುಗಳು. ಚಾಚಾ ಸಲಾಂ ಹೇಳಿದ್ದಾರೆ, ಅದನ್ನು ಎರಡು ಸಲ ಬರೆಯಲು ಹೇಳಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಯಶೋಧರಾ

ತಾ.ಕ.: ಸೋಮವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಯಾದಗಿರಿ ಬಸ್ಸಿಗೆ ಹೊತ್ತಾಗಿದೆ. ಅಂಚೆಗೆ ಹಾಕಲು ಹೊರಟಾಗ ಅಪ್ಪ ತಡೆದು, ‘ಅಂಚಿಗೆ ಹಾಕಬ್ಯಾಡ, ಪುಣಾಕ್ಕ ನಾನ ಒಯ್ತೀನಿ’ ಎಂದ. ನಿನಗೆ ಫೋನು ಮಾಡಬೇಡ ಎಂದೂ ಹೇಳಿದ್ದಾನೆ, ಮಾಡಿದರೆ ನೀನು ಬರಬೇಡ ಅನ್ನುತ್ತೀಯಂತೆ. ಅವನು ಕಲಬುರಗಿಯ ಆಚೆ ಎಂದೂ ಹೋದವನಲ್ಲ. ನಿನ್ನ ಕಾರ್ಖಾನೆಯ ವಿಳಾಸವನ್ನು ಹಿಂದಿಯಲ್ಲಿ ದೊಡ್ಡದಾಗಿ ಬರೆದು ಜೇಬಿಗೆ ಹಾಕಿದ್ದೇನೆ. ಕಾಗದದಲ್ಲಿ ಏನಿದೆ ಎಂದು ಅವನು ಕೇಳಲಿಲ್ಲ. ಅಂದರೆ ನೀನು ಇದನ್ನು ಓದುವಾಗ ಅವನು ನಿನ್ನ ಎದುರಿಗೇ ನಿಂತಿರುತ್ತಾನೆ. ಮೊದಲು ಕೂಡಿಸಿ ನೀರು ಕೊಡು. ಅವನು ಏನೋ ಹೇಳಲು ಶುರುಮಾಡುತ್ತಾನೆ, ನಿಧಾನವಾಗಿ ಹೇಳುತ್ತಾನೆ. ನೀನು ‘ಇರ್ಲಿ ಬಿಡಪ್ಪಾ’ ಎಂದು ನಡುವೆ ಅನ್ನಬೇಡ. ಪೂರ್ತಿ ಹೇಳಲಿ.